ಗೀರಪ್ಪನ ಎಡಗೈ ರಾಜ

ಕೈಗೆ ನೂರರ ನೋಟು ಬಂದರೆ ಜನ ಏನು ಮಾಡುತ್ತಾರೆ? ಮಡಚಿ ಕಿಸೆಗೆ ಹಾಕುತ್ತಾರೆ. ನಾನು ಅದನ್ನು ಮೂಗಿನ ತನಕ ತಂದು, ಮೇಲಿರುವ ಮುಖದ ಕೆನ್ನೆಯ ಗೆರೆಗಳನ್ನು ನೋಡುತ್ತ ನಿಲ್ಲುತ್ತೇನೆ. ಕಿಸೆಯಲ್ಲಿ ಭೂತಗನ್ನಡಿ ಇದ್ದರಂತೂ ಮುಗಿಯಿತು. ಕೊಲ್ಕತ್ತೆಯ ಲೇಕ್ ಮಾರ್ಕೆಟ್ಟಿನಲ್ಲಿ ಹೀಗೆ ನಿಂತಿದ್ದಾಗ ಪಟೋಲ್ ಕಾಯಿ ಮಾರುವ ತರಕಾರಿಯವನೊಬ್ಬ ಮುಖ ಊದಿಸಿಕೊಂಡು, "ಕೀ ದಾದಾ, ನೋಟ್ ಜಾಲ್ ನಾಕಿ?" ಎಂದು ಕೇಳಿದ್ದ. ತಾನು ಕೊಟ್ಟ ಚಿಲ್ಲರೆ ಖೋಟಾ ಎಂದು ನಾನು ಅನುಮಾನಿಸುತ್ತಿದ್ದೇನೆಂದು ಅವನಿಗೆ ಸಿಟ್ಟು. ನನ್ನ ಹೆಂಡತಿ ಸುಧಾ ಅಂಗಿಯ ತೋಳು ಹಿಡಿದು ಎಳೆದಳು.

"ನೋಟು ಖರೇ ಅದ. ಖೋಟಾ ಆಗಿದ್ದು ನಿಮ್ಮ ತಲಿ. ನಡೀರಿನ್ನ."

ಈ ಚಟ ನನಗೆ ಹತ್ತಿಸಿದವನು ಒಬ್ಬ ಇಂಗ್ಲಿಷಿನವ. ಸತ್ತು ನೂರು ವರ್ಷದ ಮೇಲಾಗಿದೆ, ಆದ್ದರಿಂದ ಅವನನ್ನು ಬೈದು ಪ್ರಯೋಜನವಿಲ್ಲ. ಹೆಸರು ಹೇಳಿದರೆ ನಿಮಗೇನೂ ಹೊಳೆಯುವುದಿಲ್ಲ. ಅವನ ಊರಿನವರಿಗೇ ಹೊಳೆಯಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಅವನ ಹೆಸರು ಗೀರಪ್ಪ. ಜೀವಮಾನವೆಲ್ಲ ಲೋಹದ ತಗಡಿನ ಮೇಲೆ ಗೀರು ಕೊರೆದವನಿಗೆ ಸುಧಾ ಇಟ್ಟ ಹೆಸರು ಅದು. ಧಾರವಾಡದ ಹೆಣ್ಣುಮಗಳು, ಯಾರಿಗಾದರೂ ಒಂದು 'ಅಪ್ಪ' ಹಚ್ಚದಿದ್ದರೆ ಆಕೆಗೆ ಸಮಾಧಾನವಿಲ್ಲ.

ನಾನು ಗಾರ್ಡನ್ ರೀಚಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಹಡಗಿನ ನಕ್ಷೆ ಎಂದರೆ ನೀವು ಸಮರನೌಕೆ, ತೋಪು, ಧ್ವಜ ಎಂದೆಲ್ಲ ಊಹಿಸಿಕೊಳ್ಳಬೇಡಿ. ನನ್ನ ಪಾಲಿಗೆ ಬಂದದ್ದು ಏಣಿಮೆಟ್ಟಿಲು ಮತ್ತು ಪಾಯಿಖಾನೆಯ ಕೊಳವೆ. ವರ್ಷಗಟ್ಟಲೆ ಅದನ್ನೇ ಮಸಿಯಲ್ಲಿ ಗೀರುತ್ತ ಕೂತಿದ್ದೆ. ಆಗ ಕಂಪ್ಯೂಟರ್ ಬಂತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಊರೆಲ್ಲ ಕಂಪ್ಯೂಟರ್ ಕಂಪನಿಗಳು ತುಂಬಿದ ಸಾಲ್ಟ್ ಲೇಕಿನ ಸೆಕ್ಟರ್ ಫೈವ್ ಕಡೆ ಮುಖ ಮಾಡಿತ್ತು. ಲೋಕಲ್ ಟ್ರೇನಿನಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಹೆಚ್ಚಾಗಿದ್ದರು. ನಮ್ಮನ್ನೂ ತರಬೇತಿಗೆ ಕೂರಿಸಿದರು. ಹಡಗಿನ ಒಂದು ಮಗ್ಗುಲು ಬರೆದು 'ಮಿರರ್' ಎಂಬ ಆಜ್ಞೆ ಒತ್ತಿದರೆ ಇನ್ನೊಂದು ಮಗ್ಗುಲು ತಾನೇ ಮೂಡುತ್ತಿತ್ತು. ಅರ್ಧ ಕೆಲಸ ಉಳಿಯಿತೆಂದು ಎಲ್ಲರೂ ಖುಷಿಪಟ್ಟರು. ಉಳಿದ ಅರ್ಧ ದಿನ ನಾನು ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ.

ಆ ಬೇಸರದಲ್ಲೇ ಒಂದು ಸಂಜೆ ಗೋಲ್‌ಪಾರ್ಕಿನ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಚಿತ್ರ ಸಿಕ್ಕಿತು. ಬಿರುಗಾಳಿಯಲ್ಲಿ ಮುಳುಗುತ್ತಿರುವ ಹಡಗು, ಯಾವುದೋ ಕಾವ್ಯಕ್ಕೆಂದು ಮಾಡಿದ್ದು. ಹಗ್ಗ, ಪಟ, ಕಂಬ ಎಲ್ಲ ಸರಿಯಾದ ಜಾಗದಲ್ಲಿದ್ದವು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಹಡಗೂ ಇಲ್ಲ, ಮೋಡವೂ ಇಲ್ಲ, ಬರೀ ಗೆರೆ. ದಪ್ಪ ಗೆರೆ ಬಂದಲ್ಲಿ ಕತ್ತಲೆ, ತೆಳು ಗೆರೆ ಬಂದಲ್ಲಿ ಬೆಳಕು. ಕೆಳಗೆ ಎಡ ಮೂಲೆಯಲ್ಲಿ ಚಿತ್ರ ಬರೆದ ದೊಡ್ಡ ಕಲಾವಿದನ ಹೆಸರು, ಬಲ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ಅದನ್ನು ತಗಡಿಗೆ ಇಳಿಸಿದ ನಮ್ಮ ಗೀರಪ್ಪನ ಹೆಸರು. ಅಯ್ಯೋ ಪಾಪ ಅನ್ನಿಸಿತು. ಪಾಯಿಖಾನೆಯ ಕೊಳವೆಯ ನಕ್ಷೆಯಲ್ಲಿ ನನ್ನ ಹೆಸರೂ ಅದೇ ಮೂಲೆಯಲ್ಲಿ, ಅದೇ ಗಾತ್ರದಲ್ಲಿ ಇರುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ. ಶನಿವಾರ ಬಂತೆಂದರೆ ಅಲಿಪುರದ ದೊಡ್ಡ ಗ್ರಂಥಾಲಯ. ಅಲ್ಲಿ ಮೇಲಿನ ಕಪಾಟಿನಿಂದ ಒಂದೊಂದೇ ದಪ್ಪ ಪುಸ್ತಕ ಇಳಿಸಿಕೊಂಡು ಗೀರಪ್ಪನನ್ನು ಹುಡುಕುವುದು, ಸಿಕ್ಕಿದ್ದನ್ನು ಮನೆಗೆ ಬಂದು ಊಟದ ಹೊತ್ತಿಗೆ ಬಡಿಸುವುದು. ಮೊದಮೊದಲು ಸಿಕ್ಕಿದ್ದು ಚೂರುಪಾರು. ಹಗ್ಗ ಮಾರುವವನ ಮಗ. ಮೀಸೆ ಬರುವ ಮೊದಲೇ ಒಬ್ಬ ಗುರುವಿನ ಬಳಿ ಕೆಲಸಕ್ಕೆ ಸೇರಿದ. ಅಲ್ಲಿ ಮುಖ, ಕೈ, ಕಣ್ಣು ಎಲ್ಲ ಗುರುವಿನ ಪಾಲು; ಗೋಡೆ, ಮೋಡ, ಪರದೆ ಶಿಷ್ಯರ ಪಾಲು. ಗೀರಪ್ಪ ಎಷ್ಟೋ ವರ್ಷ ಬರೀ ಪರದೆಯ ಮಡಿಕೆ ಗೀರಿದ.

"ಅಂದ್ರ ನಿಮ್ಮ ಮೆಟ್ಟಲಾ ಕೊಳವಿ ಇದ್ದಂಗ," ಎಂದಳು ಸುಧಾ, ನನ್ನ ತಟ್ಟೆಗೆ ಸಾರು ಹಾಕುತ್ತ.

ಹೀಗೆ ಗೀರಪ್ಪ ನಮ್ಮ ಮನೆಯ ಬಾಡಿಗೆ ಕೊಡದ ಸದಸ್ಯನಾದ. ಅಷ್ಟರಲ್ಲಿ ದುರ್ಗಾಪೂಜೆ ಮುಗಿದ ಮೇಲೆ ಧಾರವಾಡದಿಂದ ನಮ್ಮವ್ವ ಬಂದಳು.

ಅವ್ವ ಬಂದದ್ದು ಒಂದೇ ಹಟಕ್ಕೆ. ನಮ್ಮ ಮಗಳು ಗೌರಿಗೆ ಐದು ತುಂಬುತ್ತಿತ್ತು. ಇಂಗ್ಲಿಷು, ಹಿಂದಿ, ಬಂಗಾಳಿ ಮೂರೂ ಕಲಸಿ ಮಾತಾಡುತ್ತಿದ್ದಳು. ಕನ್ನಡ ಕಿವಿಯಲ್ಲಿತ್ತು, ನಾಲಿಗೆಗೆ ಅಷ್ಟಾಗಿ ಇಳಿದಿರಲಿಲ್ಲ. ಮೊಮ್ಮಗಳಿಗೆ ಕನ್ನಡ ಬರೆಯಲು ಕಲಿಸಿಯೇ ಊರಿಗೆ ಹೋಗುತ್ತೇನೆ ಎಂದು ಅವ್ವ ಟ್ರಂಕಿನಲ್ಲಿ ಒಂದು ಪಾಟಿ, ಅಂದರೆ ನಮ್ಮ ಕಡೆಯ ಕಲ್ಲಿನ ಸ್ಲೇಟು, ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಗೌರಿ ಕುಣಿಯುತ್ತ ಬಂದು ಬಳಪ ಹಿಡಿದಳು. ಹಿಡಿದದ್ದು ಎಡಗೈಯಲ್ಲಿ.

ಅವ್ವನ ಮುಖ ಬಾಡಿತು.

ಗೌರಿ ಹುಟ್ಟಾ ಎಡಚಿ. ಚಮಚ, ಬಾಚಣಿಗೆ, ಬಣ್ಣದ ಕಡ್ಡಿ ಎಲ್ಲಕ್ಕೂ ಅವಳಿಗೆ ಎಡಗೈಯೇ ಮುಂದು. ನಾವಿಬ್ಬರೂ ಗಮನಿಸಿದ್ದೆವು, ಸುಮ್ಮನಿದ್ದೆವು. ಅವ್ವ ಸುಮ್ಮನಿರುವ ಪೈಕಿ ಅಲ್ಲ. ಎಡಗೈಯಲ್ಲಿ ಉಂಡರೆ ಅನ್ನಪೂರ್ಣೆ ಎದ್ದು ಹೋಗುತ್ತಾಳೆ, ಎಡಗೈಯಲ್ಲಿ ಬರೆದರೆ ಸರಸ್ವತಿ ಮುಖ ತಿರುಗಿಸುತ್ತಾಳೆ. ಅದು ಅವಳ ಮಟ್ಟಿಗೆ ವಾದವಲ್ಲ, ಸೂರ್ಯ ಮೂಡಿದಷ್ಟು ಖಾತ್ರಿ.

"ನಾಳೆ ಗಂಡನ ಮನಿಯಾಗ ಎಡಗೈಲೆ ಬಡಿಸಿದ್ರ ಯಾರ ಉಣ್ಣತಾರ? ನಾ ಇರೋತನಕ ತಿದ್ದತೀನಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

"ಅತ್ತ್ಯಾರ, ಅಕಿ ನಾಳೆ ಕಂಪ್ಯೂಟರ್ ಮುಂದ ಕೂತ್ರ ಎರಡೂ ಕೈ ಬೇಕಾಗ್ತಾವ," ಎಂದಳು ಸುಧಾ. "ಸೆಕ್ಟರ್ ಫೈವ್‌ನಾಗ ಬಡಸೋ ಕೆಲಸ ಇಲ್ಲ."

"ಕಂಪ್ಯೂಟರ್ ಉಣ್ಣತದೇನ?"

ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಅವ್ವನ ಮಾತಿಗೆ ಹ್ಞೂಂ, ಸುಧಾಳ ಮಾತಿಗೆ ಹೌದು.

ಅವ್ವ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಗೌರಿ ಕೆಮ್ಮಿದರೆ ಮೂರು ಸಲ ಎದ್ದು ಹೊದಿಸುವ ಜೀವ ಅದು. ಅದೇ ಪ್ರೀತಿಯಿಂದಲೇ ಮೊಮ್ಮಗಳ ಎಡಗೈಗೆ ಒಂದು ಕರವಸ್ತ್ರ ಕಟ್ಟಿದಳು. ಬಿಗಿಯಾಗಿ ಅಲ್ಲ, ಮೆತ್ತಗೆ, ಒಂದು ಹೂವಿನ ಗಂಟು ಹಾಕಿ. ಪಾಟಿಯ ಮೇಲೆ ಅ ಆ ಇ ಈ ದುಂಡಗೆ ಬರೆದುಕೊಟ್ಟು, ಬಲಗೈಯಲ್ಲಿ ತಿದ್ದು ಅಂದಳು. ಗೌರಿ ತಿದ್ದಿದಳು. ಬಳಪ ಕಿರ್ರೆಂದು ಜಾರಿ ಎಲ್ಲಿಗೋ ಹೋಗುತ್ತಿತ್ತು. ಗಂಟು ಬಿಚ್ಚಿಕೊಂಡು ಕದ್ದು ಎಡಗೈಯಲ್ಲಿ ಬರೆದರೆ ಗೆರೆ ಗಟ್ಟಿಯಾಗಿ ಬರುತ್ತಿತ್ತು, ಆದರೆ ಅಕ್ಷರಗಳೆಲ್ಲ ಹಿಂದುಮುಂದು.

"ನೋಡಿದೇನು? ಎಡಗೈಲೆ ಬರದ್ರ ಹಿಂಗ. ಇದೇನು ದೆವ್ವದ ಬರಹನೋ, ತಾಯಿ!" ಎಂದು ಅವ್ವ ಸೆರಗಿನಿಂದ ಒರೆಸಿದಳು.

ಕೆಲವು ದಿನಗಳಲ್ಲಿ ಗೌರಿ ನಮ್ಮೆದುರು ಬಳಪ ಮುಟ್ಟುವುದನ್ನು ಬಿಟ್ಟಳು. ಬಣ್ಣದ ಕಡ್ಡಿಗಳ ಡಬ್ಬಿ ಮೂಲೆ ಸೇರಿತು. ಊಟಕ್ಕೆ ಕೂತಾಗ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಕೂತು, ಬಲಗೈಯಿಂದ ಅನ್ನ ಚೆಲ್ಲುತ್ತ ಉಣ್ಣುತ್ತಿದ್ದಳು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಕೆಳಗಿನ ಮನೆಯ ಒಡತಿ ಮಾಶಿಮಾ ಬೇರೆ, ತಮ್ಮ ಮನೆಯ ಸರಸ್ವತಿ ಪೂಜೆಯಲ್ಲಿ ಗೌರಿಯ 'ಹಾತೇಖೋಡಿ' ಆಗಲೇಬೇಕೆಂದು ಸಾರಿಬಿಟ್ಟಿದ್ದರು. ಅದು ಬಂಗಾಳಿಗಳ ಅಕ್ಷರಾಭ್ಯಾಸ. ದೇವಿಯ ಮುಂದೆ ಪುರೋಹಿತರು ಮಗುವಿನ ಕೈ ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ಅಷ್ಟರೊಳಗೆ ಕೈ ತಿದ್ದಬೇಕೆಂದು ಅವ್ವನಿಗೆ ಇನ್ನಷ್ಟು ಅವಸರವಾಯಿತು.

ಇಂಥ ಹೊತ್ತಿನಲ್ಲಿ ಗೋಲ್‌ಪಾರ್ಕಿನಲ್ಲಿ ಗೀರಪ್ಪನ ಇನ್ನೊಂದು ಚಿತ್ರ ಸಿಗಬೇಕೇ! ಒಬ್ಬ ರಾಜ ದರ್ಬಾರಿನಲ್ಲಿ ನಿಂತು ಸಂಧಿಪತ್ರಕ್ಕೆ ಸಹಿ ಹಾಕುತ್ತಿದ್ದಾನೆ. ಸುತ್ತ ಸರದಾರರು, ಪಾದ್ರಿಗಳು, ಒಂದು ನಾಯಿ. ರಾಜನ ಗರಿಯ ಲೇಖನಿ ಎಡಗೈಯಲ್ಲಿದೆ! ನಾನು ಫುಟ್‌ಪಾತಿನಲ್ಲೇ ಕುಣಿಯುವುದೊಂದು ಬಾಕಿ. ಮರುದಿನವೇ ಕಟ್ಟು ಹಾಕಿಸಿ, ಊಟದ ಮೇಜಿನ ಎದುರಿಗೆ ನೇತುಹಾಕಿ, ಅವ್ವನನ್ನು ಕರೆದೆ.

"ಅವ್ವಾ, ನೋಡಿಲ್ಲೆ. ಇಂಗ್ಲಂಡಿನ ರಾಜ. ಯಾವ ಕೈಲೆ ಸಹಿ ಹಾಕ್ಲಿಕ್ಹತ್ಯಾನ?"

ಅವ್ವ ಕನ್ನಡಕ ಏರಿಸಿ ನಿಧಾನಕ್ಕೆ ನೋಡಿದಳು.

"ಅದಕ್ಕ ಅವರ ರಾಜ್ಯ ಮುಳುಗ್ತು," ಎಂದು ಒಳಗೆ ಹೋದಳು.

ಸುಧಾ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನಾನು ಸೋಲು ಒಪ್ಪಲಿಲ್ಲ. ಆ ರಾಜ ಎಡಚ ಎಂಬುದಕ್ಕೆ ಇತಿಹಾಸದ ಆಧಾರವನ್ನೇ ತಂದು ಅವ್ವನ ಮುಂದೆ ಒಗೆಯುತ್ತೇನೆಂದು ಶನಿವಾರ ಅಲಿಪುರಕ್ಕೆ ಹೋದೆ. ಅವತ್ತು ಅದೃಷ್ಟ ಒಲಿಯಿತು ಅನ್ನಬೇಕೋ ಕೈಕೊಟ್ಟಿತು ಅನ್ನಬೇಕೋ. ಒಂದು ಹಳೆಯ ಸಂಪುಟದಲ್ಲಿ ಗೀರಪ್ಪನ ಇಡೀ ವೃತ್ತಿಜೀವನ ಅರ್ಧ ಕಾಲಮ್ಮಿನಲ್ಲಿ ಸಿಕ್ಕಿತು.

ಆ ರಾಜನ ಚಿತ್ರ ಅವನು ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸವಂತೆ. ತಗಡಿನ ಮೇಲೆ ಹೇಗೆ ಕೊರೆಯುತ್ತೇವೋ, ಕಾಗದದ ಮೇಲೆ ಅದು ಎಡಬಲ ತಿರುಗಿ ಅಚ್ಚಾಗುತ್ತದೆ. ಆದ್ದರಿಂದ ಮೂಲಚಿತ್ರವನ್ನು ತಿರುವುಮುರುವಾಗಿ ಕೊರೆಯಬೇಕು. ಪರದೆಯ ಮಡಿಕೆ ಎತ್ತ ತಿರುಗಿದರೂ ಪರದೆಯೇ, ಅದಕ್ಕೆ ಗೀರಪ್ಪನಿಗೆ ಅದುವರೆಗೆ ತೊಂದರೆ ಬಂದಿರಲಿಲ್ಲ. ಮೊದಲ ಬಾರಿ ಮನುಷ್ಯರು ಕೈಗೆ ಸಿಕ್ಕ ಸಂಭ್ರಮದಲ್ಲಿ ತಿರುಗಿಸುವುದನ್ನೇ ಮರೆತು, ಕಂಡದ್ದನ್ನು ಕಂಡಂತೆ ಕೊರೆದುಬಿಟ್ಟ. ರಾಜ ಎಡಚನಾದ. ಸರದಾರರ ಕತ್ತಿಗಳೆಲ್ಲ ಬಲ ಸೊಂಟಕ್ಕೆ ಬಂದವು. ಚಿತ್ರದ ಕೆಳಗಿನ ಅಕ್ಷರ ಕೊರೆಯುವವನು ಬೇರೆ ಕಸುಬುದಾರ, ಅವನು ಮರೆಯಲಿಲ್ಲ. ಹೀಗಾಗಿ ಹೆಸರು ಸರಿಯಾಗಿತ್ತು, ರಾಜ ಮಾತ್ರ ತಪ್ಪಾಗಿದ್ದ. ಊರೆಲ್ಲ ನಕ್ಕಿತು.

ಆಮೇಲೆ ಗೀರಪ್ಪ ಒಂದು ದೊಡ್ಡ ಕನ್ನಡಿ ಕೊಂಡ. ಮೂಲಚಿತ್ರವನ್ನು ಬೆನ್ನ ಹಿಂದೆ ಇಟ್ಟು, ಎದುರಿಗೆ ಕನ್ನಡಿ ಇಟ್ಟು, ಅದರಲ್ಲಿ ಕಂಡದ್ದನ್ನು ಕೊರೆಯತೊಡಗಿದ. ಮತ್ತೆಂದೂ ತಪ್ಪಲಿಲ್ಲ. ಮಂಚದಲ್ಲಿ ಸಾಯುತ್ತಿರುವ ರಾಣಿಯರು, ಕಿಟಕಿಯಲ್ಲಿ ಚಂದ್ರನನ್ನು ನೋಡುವ ಕವಿಗಳು, ಮೂರ್ಛೆ ಹೋದ ನಾಯಕಿಯರು, ಗೆದ್ದ ಯುದ್ಧಗಳು, ಸೋತ ಯುದ್ಧಗಳು. ಅವನ ಕಾಲದ ಹೆಸರಾಂತ ಚಿತ್ರಗಳನ್ನೆಲ್ಲ ಆ ಮನುಷ್ಯ ಬೆನ್ನು ತಿರುಗಿಸಿ ಕೂತೇ ನೋಡಿದ. ತಾಮ್ರ ಹೋಗಿ ಉಕ್ಕು ಬಂತು. ಉಕ್ಕಿನ ತಗಡಿಗೆ ಸಾವಿರಾರು ಪ್ರತಿ ತೆಗೆದರೂ ಸವಕಳಿ ಇಲ್ಲ, ಸವೆಯುವುದು ಕೊರೆಯುವವನ ಹೆಬ್ಬೆರಳು. ಕೊನೆಗೆ ಒಂದು ಭಾರೀ ದರ್ಬಾರಿನ ಚಿತ್ರ ಹಿಡಿದು, ಒಂದೊಂದು ಮುಖಕ್ಕೂ ತಿಂಗಳು ಕೊಟ್ಟು ಮುಗಿಸುವ ಹೊತ್ತಿಗೆ ಫೋಟೋ ತೆಗೆಯುವ ಯಂತ್ರ ಬಂದು ಗೆರೆ ಯಾರಿಗೂ ಬೇಡವಾಯಿತು. ಕಡೆಗಾಲದಲ್ಲಿ ಔಷಧದ ಸೀಸೆಗಳಿಗೆ ಅಂಟಿಸುವ ಚೀಟಿ ಕೊರೆದನಂತೆ. ಅದನ್ನೂ ಚೆಂದ ಕೊರೆದನಂತೆ. ಆ ಕೊನೆಯ ಮಾತನ್ನು ನಾನು ಗಟ್ಟಿಯಾಗಿಯೇ ಓದಿಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ ಮುದುಕರು ಕಣ್ಣು ಬಿಟ್ಟು ನೋಡಿದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು. ಆದರೆ ಸುದ್ದಿ ಸಿಕ್ಕರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ರಾಜ ಬಲಗೈಯವನ ಅಂತ ಹೇಳಲಿಕ್ಕೆ ನಿಮಗ ಯಾರ ಕೇಳಿದ್ರು?" ಎಂದು ಸುಧಾ ಅಡುಗೆಮನೆಯಿಂದ ಕಣ್ಣು ಕೆಂಪು ಮಾಡಿದಳು. "ಇದ್ದದ್ದು ಒಂದ ಸಾಕ್ಷಿ, ಅದನ್ನೂ ಕೈಯಾರ ಕೆಡವಿ ಬಂದ್ರಿ."

ಅವ್ವನಿಗೆ ಮಾತ್ರ ಹಬ್ಬ. "ಹಂಗಾರ ಖರೇ ರಾಜ ಹೆಂಗಿದ್ದ, ತೋರಸು ನೋಡೋಣು."

ನಾನು ಚಿತ್ರವನ್ನು ಗೋಡೆಯಿಂದ ಇಳಿಸಿ, ಮಲಗುವ ಕೋಣೆಯ ಕಬ್ಬಿಣದ ಕಪಾಟಿನ ಕನ್ನಡಿಯ ಮುಂದೆ ಹಿಡಿದೆ. ಕನ್ನಡಿಯಲ್ಲಿ ರಾಜ ಬಲಗೈಯಿಂದ ಸಹಿ ಹಾಕುತ್ತಿದ್ದ. ಕತ್ತಿಗಳೆಲ್ಲ ಎಡಕ್ಕೆ ಬಂದಿದ್ದವು. ಅವ್ವ ಗೆದ್ದವಳಂತೆ ತಲೆಯಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಗೌರಿ ಕನ್ನಡಿಯನ್ನೂ ಚಿತ್ರವನ್ನೂ ನೋಡಿದಳು, ಮತ್ತೆ ಕನ್ನಡಿಯನ್ನು ನೋಡಿದಳು. ಮಂಚದ ಕೆಳಗೆ ನುಸುಳಿ ಪಾಟಿ ಎಳೆದು ತಂದಳು. ನಮ್ಮ ಕಣ್ಣು ತಪ್ಪಿಸಿ ಅಲ್ಲಿ ಬರೆಯುತ್ತಿದ್ದಳೆಂದು ಆಗಲೇ ನಮಗೆ ಗೊತ್ತಾದದ್ದು. ಪಾಟಿಯ ತುಂಬ ಹಿಂದುಮುಂದಾದ ಅಕ್ಷರಗಳು. ಅವಳು ನನ್ನನ್ನು ಮೊಣಕೈಯಿಂದ ಸರಿಸಿ, ಪಾಟಿಯನ್ನು ಕನ್ನಡಿಗೆ ಹಿಡಿದಳು.

"ಅಜ್ಜಿ, ದೇಖೋ! ಈಗ ಸೀದಾ ಆಯ್ತು! ನಾ ರಾಂಗ್ ಬರ್ದಿಲ್ಲ!"

ಅ ಆ ಇ ಈ. ಒಂದೂ ಸೊಟ್ಟಿಲ್ಲ. ನಮ್ಮವ್ವ ಅ ಬರೆದರೆ ಕೊನೆಯಲ್ಲಿ ಸಣ್ಣದೊಂದು ಕೊಕ್ಕೆಯನ್ನು ಮೇಲಕ್ಕೆತ್ತಿ ಬಿಡುತ್ತಾಳೆ. ಅವಳ ಕೈಬರಹ ಬಿಟ್ಟು ಬೇರೆಲ್ಲೂ ನಾನದನ್ನು ಕಂಡಿಲ್ಲ. ಕನ್ನಡಿಯ ಅಕ್ಷರಕ್ಕೂ ಆ ಕೊಕ್ಕೆ ಇತ್ತು. ತಾನು ಕಲಿಸಿದ್ದನ್ನು ಮಗು ಒಂದು ಎಳೆಯೂ ಬಿಡದೆ ಕಲಿತಿದೆ ಎಂದು ಅವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಮಂಚದ ತುದಿಗೆ ಕೂತಳು.

ನಾನು ಸುಮ್ಮನಿರಬೇಕಲ್ಲ? "ಅವ್ವಾ, ಹಿಂಗ ಉಲ್ಟಾ ಬರೀಲಿಕ್ಕೆ ಗೀರಪ್ಪನ ಕಾಲದವರು ವರ್ಷಗಟ್ಟಲೆ..." ಎಂದು ಶುರುಮಾಡಿದೆ.

"ಏ, ನಿನ್ನ ಗೀರಪ್ಪನ ಪುರಾಣ ಸಾಕು ಮಾಡೋ," ಎಂದಳು ಅವ್ವ. ಧ್ವನಿ ಒದ್ದೆಯಾಗಿತ್ತು.

ಮರುದಿನ ಕರವಸ್ತ್ರ ಒಗೆದು ತಂತಿಗೆ ಹಾಕಿದ್ದು ಕಂಡೆ. ಒಣಗಿದ ಮೇಲೆ ಅದು ಗೌರಿಯ ಕೈಗೆ ಬರಲಿಲ್ಲ. ಆದರೆ ಅವ್ವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗೌರಿ ಊಟಕ್ಕೆ ಕೂತಾಗ ಎಡಗೈಯ ಮೇಲೆ ಕೂರುವುದನ್ನೂ ಬಿಡಲಿಲ್ಲ. ನಾನು ಕೇಳಲು ಹೋದರೆ ಸುಧಾ ಕಣ್ಣಲ್ಲೇ ಬೇಡ ಅಂದಳು. ಹೀಗೆಯೇ ಪೂಜೆಯ ದಿನ ಬಂದುಬಿಟ್ಟಿತು.

ಮಾಶಿಮಾ ಮನೆಯಲ್ಲಿ ಬೆಳಗಿನಿಂದ ಗದ್ದಲ. ಹೆಣ್ಣುಮಕ್ಕಳೆಲ್ಲ ಹಳದಿ ಸೀರೆ. ಗೌರಿಗೂ ಒಂದು ಪುಟ್ಟ ಹಳದಿ ಸೀರೆ ಸುತ್ತಿದ್ದರು, ಅದು ಹೆಜ್ಜೆಗೊಮ್ಮೆ ಬಿಚ್ಚುತ್ತಿತ್ತು. ದೇವಿಯ ಮುಂದೆ ಪುಸ್ತಕಗಳ ರಾಶಿ, ಚೆಂಡುಹೂವು, ತಟ್ಟೆಯಲ್ಲಿ ಬಾರಿಹಣ್ಣು. ಬಾರಿಹಣ್ಣನ್ನು ಪೂಜೆಗೆ ಮೊದಲು ತಿನ್ನಬಾರದೆಂದು ಮಾಶಿಮಾ ಬಂಗಾಳಿಯಲ್ಲಿ ಹೇಳಿದರೆ ಅವ್ವ ಧಾರವಾಡದ ಮಾತಿನಲ್ಲಿ ಹೌದ್ರಿ ಹೌದ್ರಿ ಅನ್ನುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ; ಜಗಳವೂ ಬಂದಿರಲಿಲ್ಲ.

ಗೌರಿಯ ಸರದಿ ಬಂತು. ಪುರೋಹಿತರು, ದಣಿದ ಒಳ್ಳೆಯ ಮನುಷ್ಯ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಸ ಸ್ಲೇಟು ಮುಂದಿಟ್ಟು, ಬಲಗೈಗೆ ಬಳಪ ಕೊಟ್ಟು ಹಿಡಿದರು. ಗೌರಿಯ ಕೈ ಕಟ್ಟಿಗೆಯಾಯಿತು. ಎಡಗೈ ತಾನಾಗಿಯೇ ತೊಡೆಯ ಕೆಳಗೆ ಹೋಯಿತು. ಅವಳು ಅಳಲಿಲ್ಲ, ತಲೆ ತಗ್ಗಿಸಿ ಕೂತಳು. ಸುಧಾ ನನ್ನ ಮೊಣಕೈ ಹಿಡಿದುಕೊಂಡಳು.

ಹೆಂಗಸರ ನಡುವೆ ಕೂತಿದ್ದ ಅವ್ವ ನೆಲಕ್ಕೆ ಕೈಯೂರಿ ಎದ್ದಳು.

"ಭಟ್ಟರ, ತಡೀರಿ. ಆ ಕೈ ಅಲ್ಲ. ನಮ್ಮ ಹುಡುಗಿ ಈ ಕೈಲೆ ಬರೀತಾಳ."

ಮಾತು ತಿಳಿಯದಿದ್ದರೂ ಅವ್ವ ತೋರಿಸಿದ ಕೈ ಅವರಿಗೆ ತಿಳಿಯಿತು. ನಾಲಿಗೆ ಕಚ್ಚಿಕೊಂಡು ತಲೆಯಾಡಿಸಿದರು. "ಬಾಂ ಹಾತೇ ಹಬೇ ನಾ, ಮಾ. ಮಾ ಶರಸ್ವತೀ ರಾಗ್ ಕರ್ಬೇನ್."

ಎಡಗೈ ಆಗದು, ದೇವಿಗೆ ಸಿಟ್ಟು ಬರುತ್ತದೆ ಎಂದು ನಾನು ಅವ್ವನಿಗೆ ತಿಳಿಸಿದೆ. ಅವಳೇ ಮೊದಲು ಹೇಳಿದ್ದ ಮಾತು ಅದು. ಅವ್ವ ವೀಣೆ ಹಿಡಿದ ಮೂರ್ತಿಯನ್ನು ನೋಡಿದಳು, ಪುರೋಹಿತರನ್ನು ನೋಡಿದಳು.

"ಆಕಿ ವೀಣಾ ಒಂದ ಕೈಲೆ ಬಾರಸ್ತಾಳೇನು? ತಂತಿ ಮೀಟೂದು ಬಲಗೈ, ಸ್ವರ ಹಿಡಿಯೂದು ಎಡಗೈ. ಎಡಗೈ ಬ್ಯಾಡಾದ್ರ ಮೊದಲ ಆಕೀದು ಬಿಡಸ್ರಿ ಅಂತ ಹೇಳಪಾ ಅವರಿಗೆ."

ನನ್ನ ಮುರುಕು ಬಂಗಾಳಿಯಲ್ಲಿ ಹೇಳಿದೆ. ಪುರೋಹಿತರು ತಿರುಗಿ ದೇವಿಯ ಕೈಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೌರಿಯನ್ನು ತೊಡೆಯಿಂದ ಇಳಿಸಿ, ಸ್ಲೇಟನ್ನು ಅವ್ವನ ಕಡೆ ಸರಿಸಿ, ನೀವೇ ಬರೆಸಿ ಎಂಬಂತೆ ಕೈ ಮಾಡಿದರು.

ಅವ್ವ ಗೌರಿಯ ಹಿಂದೆ ಕೂತಳು. ತೊಡೆಯ ಕೆಳಗಿನ ಪುಟ್ಟ ಕೈಯನ್ನು ಮೆಲ್ಲಗೆ ಹೊರಗೆಳೆದಳು, ಬಳಪ ಕೊಟ್ಟಳು. ಹಿಂದಿನಿಂದ ಎಡಗೈ ಹಿಡಿಯಬೇಕಾದರೆ ತನ್ನದೂ ಎಡಗೈಯೇ ಆಗಬೇಕು. ಆ ಕೈಯಿಂದ ಯಾರಿಗೂ ಒಂದು ವೀಳ್ಯದೆಲೆ ಕೊಟ್ಟವಳಲ್ಲ. ಒಂದು ಗಳಿಗೆ ತಡೆದಳು. ಆಮೇಲೆ ಅದರಿಂದಲೇ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಬರೆಸಿದಳು. ರೂಢಿಯಿಲ್ಲದ ಆ ಕೈ ಗೌರಿಯ ಕೈಯನ್ನು ಅತ್ತಿತ್ತ ಎಳೆಯುತ್ತಿತ್ತು. ಸ್ಲೇಟಿನ ಮೇಲೆ ಒಂದು ದೊಡ್ಡ 'ಅ' ಬಂತು, ಹಿಂದುಮುಂದಾಗದೆ ಸೀದಾ ಕೂತದ್ದು, ಆದರೆ ಹೊಟ್ಟೆ ವಕ್ರ, ಬಾಲ ವಕ್ರ.

ಮಾಶಿಮಾ ಬಗ್ಗಿ ನೋಡಿ ಸಮಾಧಾನ ಮಾಡುವವರಂತೆ ಗೌರಿಯ ತಲೆ ಸವರಲು ಬಂದರು. ಅವ್ವ ತನ್ನ ಕೈ ಅಡ್ಡ ಹಿಡಿದಳು.

"ಸೊಟ್ಟ ಆಗಿದ್ದು ನನ್ನ ಕೈಲೆ ರೀ," ಎಂದಳು. "ಅಕೀದಲ್ಲ."